ಟೈಲ್ಸಿನ ಅಂಚೂ ಮಧ್ಯದ ಮೇಸ್ತ್ರಿಯೂ

ಹೆಂಡತಿ: ಮೇಸ್ತ್ರಿಗಳೇ, ಆ ಸ್ಟೀಲ್ ಪಟ್ಟಿ ಹಾಕಿದ್ರೆ ಬಚ್ಚಲು ಹೋಗಿ ಬಸ್ಸಿನ ಮೆಟ್ಟಿಲಾಗುತ್ತೆ ಅಂತ ಅವರಿಗೆ ಹೇಳಿ.

‘ಅವರು’ ಎಂದರೆ ಗಂಡ. ಆಕೆಯಿಂದ ಒಂದು ಮಾರು ದೂರದಲ್ಲೇ ನಿಂತಿದ್ದ. ಮೊನ್ನೆ ಟೈಲ್ಸ್ ಅಂಗಡಿಯಲ್ಲಿ ಇದೇ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಅಂದಿನಿಂದ ಇಬ್ಬರೂ ಮಾತು ಬಿಟ್ಟಿದ್ದರು. ಗೋಡೆಗೂ ನೆಲಕ್ಕೂ ಹೊಸ ಟೈಲ್ಸ್ ಕೂತಾಗಿತ್ತು. ಉಳಿದದ್ದು ಕೂತು ಸ್ನಾನ ಮಾಡುವ ಕಟ್ಟೆಯ ಮೂಲೆ ಮಾತ್ರ. ಅಲ್ಲಿ ಎರಡು ಟೈಲ್ಸ್ ಕೂಡುವ ಕಡೆ ಬಣ್ಣವಿಲ್ಲದ ಕೆಂಪು ಮಣ್ಣಿನ ಅಂಚು ಕಣ್ಣಿಗೆ ಬೀಳಬಾರದು. ಅದಕ್ಕೆ ಗಂಡನಿಗೆ ಸ್ಟೀಲ್ ಪಟ್ಟಿ ಬೇಕು. ಹೆಂಡತಿಗೆ ಎರಡೂ ಟೈಲ್ಸನ್ನು ಓರೆಯಾಗಿ ಸವೆಸಿ ಅಂಚಿಗೆ ಅಂಚು ಕೂಡಿಸುವುದೇ ಬೇಕು. ಪಟ್ಟಿಯಾದರೆ ಟೈಲ್ಸಿನ ಕೆಳಗೆ ಮೊದಲೇ ಕೂರಿಸಬೇಕು, ಆಮೇಲೆ ತೂರಿಸಲಾಗದು. ಮೇಸ್ತ್ರಿ ಅಂಟು ಕಲಸಿಕೊಂಡು ಕಾಯುತ್ತಿದ್ದ. ನಾಳೆಯಿಂದ ಅವನಿಗೆ ಬೇರೆ ಕಡೆ ಕೆಲಸ. ಇವತ್ತು ಮುಗಿಯದಿದ್ದರೆ ಈ ಮನೆಯವರು ಸ್ನಾನಕ್ಕೆ ಇನ್ನೂ ಎಷ್ಟು ದಿನ ಪಕ್ಕದ ಮನೆಗೆ ಹೋಗಬೇಕೋ ಹೇಳುವಂತಿರಲಿಲ್ಲ.

ಮೇಸ್ತ್ರಿ: ಸಾರ್, ಪಟ್ಟಿ ಬೇಡವಂತೆ.

ಗಂಡ: ಅಷ್ಟೇನಾ ಹೇಳಿದ್ದು? ಬಸ್ಸು ಅಂದಿದ್ದು ನನಗೂ ಕೇಳಿಸ್ತು.

ಮೇಸ್ತ್ರಿ: ಕೇಳಿಸಿದ್ರೆ ಒಳ್ಳೇದೇ ಸಾರ್. ನನಗೆ ಅಷ್ಟು ಕೆಲಸ ಕಮ್ಮಿ.

ಗಂಡ: ಓರೆ ಮಾಡಿದ ಅಂಚು ತುಂಬ ತೆಳ್ಳಗಾಗುತ್ತೆ. ಬಕೆಟ್ ತಾಗಿದ್ರೆ ಚೂರು ಏಳುತ್ತೆ ಅಂತ ಹೇಳಿ.

ಮೇಸ್ತ್ರಿ: ಅಮ್ಮಾ, ನೀವು ಬಕೆಟ್ ತಾಗಿಸ್ತೀರಂತೆ.

ಹೆಂಡತಿ: ಓಹೋ. ಈ ಮನೇಲಿ ಬಕೆಟ್ಟನ್ನ ಕಾಲಲ್ಲಿ ತಳ್ಳೋರು ಯಾರು ಕೇಳಿ. ಪಟ್ಟಿ ಸಂದೀಲಿ ಕೊಳೆ ಕೂತ್ರೆ ಉಜ್ಜೋರು ಯಾರು ಅಂತಾನೂ ಕೇಳಿ.

ಎರಡು ಪ್ರಶ್ನೆ ಒಟ್ಟಿಗೆ ಬಂದದ್ದರಿಂದ ಮೇಸ್ತ್ರಿ ಎರಡನೆಯದನ್ನು ಮಾತ್ರ ದಾಟಿಸಿದ.

ಗಂಡ: ನಾನೇ ಉಜ್ತೀನಿ ಅಂತ ಹೇಳಿ.

ಹೆಂಡತಿ: ಬ್ರಷ್ ಎಲ್ಲಿದೆ ಅಂತ ಗೊತ್ತಾ, ಕೇಳಿ.

ಗಂಡ ಸ್ವಲ್ಪ ಯೋಚಿಸಿದ.

ಗಂಡ: ಬಾಗಿಲ ಹಿಂದೆ.

ಮೇಸ್ತ್ರಿ: ಬಾಗಿಲು ಬಿಚ್ಚಿ ಹಿತ್ತಲಲ್ಲಿಟ್ಟು ವಾರ ಆಯ್ತು ಸಾರ್.

ಗಂಡ: ನೀವು ಯಾರ ಕಡೆ?

ಮೇಸ್ತ್ರಿ: ನಾನು ಅಂಟಿನ ಕಡೆ ಸಾರ್. ಗಟ್ಟಿಯಾಗ್ತಾ ಇದೆ.

ಆಮೇಲೆ ಗಂಡ ತುಸು ಮೆತ್ತಗಾಗಿ, ಅವಳ ಆಯ್ಕೆ ಚೆನ್ನಾಗೇ ಇದೆ, ಬಾಳಿಕೆ ಬರುತ್ತೋ ಇಲ್ಲವೋ ಎಂಬುದಷ್ಟೇ ತನ್ನ ಅನುಮಾನ ಎಂದ. ಮೇಸ್ತ್ರಿ ಟೈಲ್ಸನ್ನು ನಾಜೂಕಾಗಿ ಕತ್ತರಿಸಬಲ್ಲ, ಮಾತನ್ನಲ್ಲ. ‘ನಿಮ್ಮ ಆಯ್ಕೆ ಬಾಳಿಕೆ ಬರಲ್ಲವಂತೆ’ ಎಂದು ಒಪ್ಪಿಸಿದ. ತಾನು ಆರಿಸಿಕೊಂಡದ್ದರಲ್ಲಿ ಬಾಳಿಕೆ ಬಂದದ್ದು ಯಾವುದು, ಬಾರದ್ದು ಯಾವುದು ಎಂದು ಹೆಂಡತಿ ಮದುವೆಯಿಂದಲೇ ಶುರುಮಾಡಿದಳು. ಅದನ್ನು ಮೇಸ್ತ್ರಿ ದಾಟಿಸಲಿಲ್ಲ. ಕೊನೆಗೆ ತಾನೇ ಒಂದು ದಾರಿ ಹೇಳಿದ.

ಮೇಸ್ತ್ರಿ: ಪಟ್ಟಿನೂ ಬೇಡ, ಓರೆನೂ ಬೇಡ. ಬಿಳಿ ಸಿಮೆಂಟ್ ಮೆತ್ತಿ ಬೆರಳಲ್ಲಿ ಸವರಿಬಿಡ್ತೀನಿ. ಮೊನ್ನೆ ನಮ್ಮನೇಲೂ ಹಾಗೇ ಮಾಡಿದೆ.

ಗಂಡ ಹೆಂಡತಿ ಮೊನ್ನೆಯಿಂದ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹೆಂಡತಿ: ಕೇಳಿದ್ರಾ?

ಗಂಡ: ಕೇಳ್ದೆ.

ಹೆಂಡತಿ: ಬೆರಳಲ್ಲಂತೆ.

ಗಂಡ: ಇರ್ಲಿ ಬಿಡು. ನಿನ್ನಿಷ್ಟದ ಹಾಗೆ ಓರೇನೇ ಆಗ್ಲಿ. ಪಟ್ಟಿ ಸಂದಿ ಉಜ್ಜೋದು ನಿನಗೂ ಕಷ್ಟ.

ಹೆಂಡತಿ: ಬೇಡಾರೀ, ಪಟ್ಟಿನೇ ಹಾಕ್ಸಿ. ಚೂಪು ಅಂಚು ನಿಮ್ಮ ಮೊಣಕಾಲಿಗೆ ತಾಗಿದ್ರೆ?

ಗಂಡ: ನನ್ನ ಮೊಣಕಾಲಿಗೇನಾಗಿದೆ? ಓರೇನೇ.

ಹೆಂಡತಿ: ಒಂದು ಸಲ ನಿಮ್ಮ ಮಾತಿಗೆ ಒಪ್ಪಿದ್ರೂ ತಪ್ಪಾ? ಪಟ್ಟಿನೇ.

ಮೇಸ್ತ್ರಿ ಕರಣೆಯನ್ನು ಅಂಟಿಗೆ ಇಳಿಸಲು ನೋಡಿದ. ಇಳಿಯಲಿಲ್ಲ. ಇನ್ನು ಹೊಸದಾಗಿ ಕಲಸಬೇಕು, ಅದಕ್ಕೂ ಮೊದಲು ಇವರ ಮಾತು ಮುಗಿಯಬೇಕು. ಅವನು ಹೊರಗೆ ಬಂದು ಮನೆಗೆ ಫೋನ್ ಮಾಡಿದ.

ಮೇಸ್ತ್ರಿ: ಮಗಳೇ, ಅಪ್ಪ ಬರೋದು ತಡ ಆಗುತ್ತಂತೆ ಅಂತ ಅಮ್ಮನಿಗೆ ಹೇಳಮ್ಮ... ಪಕ್ಕದಲ್ಲೇ ಕೂತಿದಾಳಾ? ಬೇಡ, ಫೋನ್ ಕೊಡಬೇಡ. ನೀನೇ ಹೇಳು.