ಬೆಚ್ಚನೆ ಪೆಟ್ಟಿಗೆಗೆ ಸಿಕ್ಕ ಪರವಾನಗಿ

ದೊಡ್ಡವರ ಇಲಾಖೆಗಳ ಬಗ್ಗೆ ಮಾತಾಡುವ ಯೋಗ್ಯತೆ ನನಗಿಲ್ಲ. ತಪ್ಪಿದ್ದರೆ ಕ್ಷಮಿಸಬೇಕು. ಆದರೆ ಹೇಳದಿದ್ದರೆ ಗಂಟಲಲ್ಲಿ ಮೂಳೆ ಸಿಕ್ಕಂತಾಗುತ್ತದೆ.

ಎಲ್ಲಕ್ಕೂ ಕಾರಣ ಒಂದು ಕುರಿಮರಿ. ಮಂಗೋಲಿಯಾದ ಬಯಲಿನ ಹಳ್ಳಿ ಆಸ್ಪತ್ರೆಯೊಂದರಲ್ಲಿ ವಿದ್ಯುತ್ ಕೆಲಸ ನೋಡಿಕೊಳ್ಳುತ್ತಿದ್ದ ಗೊಂಬೊಸುರೆನ್, ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಪಟ್ಟಣಕ್ಕೆ ಸಾಗಿಸಲೆಂದು ಬ್ಯಾಟರಿಯಿಂದ ಬೆಚ್ಚಗಿರುವ ಪೆಟ್ಟಿಗೆಯೊಂದನ್ನು ಮಾಡಿದ್ದ. ಪರವಾನಗಿಯಿಲ್ಲದೆ ಅದನ್ನು ಮುಟ್ಟುವುದಿಲ್ಲ ಎಂದು ಡಾಕ್ಟರಮ್ಮ ಹಟ ಹಿಡಿದಿದ್ದಳು. ಅರ್ಜಿ ಹಾಕಿ ಹಾಕಿ ಸುಸ್ತಾದ ಮೇಲೆ, ಕೊನೆಗೊಂದು ದಿನ ರಾಜಧಾನಿಯಿಂದ ಅಧಿಕಾರಿ ಜಾಮ್ಸ್ರಾನ್ ಬಂದರು. ಅಂದೇ ಆಸ್ಪತ್ರೆಯ ಒಲೆಯ ಪಕ್ಕದಲ್ಲಿ ಗೊಂಬೊಸುರೆನ್‌ನ ಮೊಮ್ಮಗಳು, ದಿನ ತುಂಬದೆ ಹುಟ್ಟಿ ಬೆಕ್ಕಿನ ಮರಿಯಷ್ಟಿದ್ದವಳು, ಏದುಸಿರು ಬಿಡುತ್ತಿದ್ದಳು. ಪಟ್ಟಣ ಮುಟ್ಟಿಸಿದರೆ ಮಾತ್ರ ಬದುಕು.

ಗೊಂಬೊಸುರೆನ್‌ನ ಕಂಬಳಿ ಹೊದಿಸಿದ ಗುಡಾರದ ಮನೆಯಲ್ಲಿ ಅಧಿಕಾರಿಗಳು ಉಪ್ಪು ಹಾಕಿದ ಹಾಲಿನ ಚಹಾ ಕುಡಿದು, ಮೂಲೆಯಲ್ಲಿದ್ದ ಪೆಟ್ಟಿಗೆ ತೋರಿಸಿ ಕೇಳಿದರು:

"ಇದನ್ನ ಬೇರೆ ದೇಶದಲ್ಲಿ ಬಳಸ್ತಾರಾ?"

"ಇಲ್ಲ ಸ್ವಾಮಿ, ನಾನೇ ಮಾಡಿದ್ದು."

"ಬೇರೆ ದೇಶದವರೇ ಒಪ್ಪದ್ದನ್ನ ನಾವು ಹೇಗ್ರೀ ಒಪ್ಪೋದು?"

"ಬೇರೆ ದೇಶದವರು ನಮ್ಮ ಚಳೀಲಿ ಹೆರೋಕೆ ಬರ್ತಾರಾ ಸ್ವಾಮಿ?"

"ಮಾತು ಜೋರಾಗಿದೆ. ಹೋಗ್ಲಿ, ಪ್ರಾಣಿಗಳ ಮೇಲಾದ್ರೂ ಪರೀಕ್ಷೆ ಮಾಡಿದ್ದೀರಾ?"

"ಮ್ಯಾ!" ಎಂದಿತು ಪೆಟ್ಟಿಗೆ.

ಗೊಂಬೊಸುರೆನ್ ಮುಚ್ಚಳ ತೆಗೆದ. ಒಳಗೆ ಕುರಿಮರಿ, ಮದುಮಗನಂತೆ ಹಾಯಾಗಿ ಮಲಗಿತ್ತು.

"ಯಾಕಪ್ಪಾ ಕಣ್ಣು ಬಿಡ್ತೀಯಾ?" ಎಂದು ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ದುಲ್ಮಾ ಅಜ್ಜಿ ಗೊಂಬೊಸುರೆನ್‌ನನ್ನು ಕೇಳಿದಳು. "ಗಾಳೀಲಿ ಮರಿ ಸೆಟೆದು ಹೋಗಿತ್ತು. ಈ ಚಳೀಲಿ ಮರೀನ ಒಳಗೆ ತರದೋರು ಯಾರಿದ್ದಾರೆ? ನಿನ್ನ ಪೆಟ್ಟಿಗೆ ಖಾಲಿ ಕೂತಿತ್ತು, ಮಲಗಿಸ್ದೆ."

ಬೈಯಲು ತೆರೆದ ಗೊಂಬೊಸುರೆನ್‌ನ ಬಾಯಿ ಹಾಗೇ ನಗುವಾಯಿತು. "ಇದೇ ಸ್ವಾಮಿ ಪರೀಕ್ಷೆ! ಸತ್ತಂತಿದ್ದ ಮರಿ ಎದ್ದಿದೆ ನೋಡಿ!"

ಮರಿ ಅಧಿಕಾರಿಗಳ ಬೆರಳು ಚೀಪಿತು. ಅವರು ತಲೆಯಾಡಿಸಿ, ಅಲ್ಲೇ ಬರೆದು ಮೊಹರು ಒತ್ತಿದರು. ಗೊಂಬೊಸುರೆನ್ ಓದಿದ: 'ಎಳೆಯ ಜಾನುವಾರುಗಳ ಸಾಗಣೆಗೆ ಮಾತ್ರ.'

"ಸ್ವಾಮಿ, ಇದು ಕೂಸಿಗೆ ಮಾಡಿದ್ದು!"

"ಪರೀಕ್ಷೆ ಆಗಿರೋದು ಕುರಿ ಮೇಲೆ ತಾನೆ? ಮನುಷ್ಯರಿಗೆ ಬೇರೆ ಅರ್ಜಿ ಹಾಕ್ರಿ."

"ಅದು ಮುಗಿಯೋಷ್ಟರಲ್ಲಿ ನನ್ನ ಮೊಮ್ಮಗಳು ಮುದುಕಿ ಆಗಿರ್ತಾಳೆ, ಬದುಕಿದ್ರೆ!"

ಅಧಿಕಾರಿಗಳ ಜೀಪು ಹೊರಟುಹೋಯಿತು. ದುಲ್ಮಾ ಅಜ್ಜಿ ಮರಿಯನ್ನು ಮಡಿಲಿಗೆ ಹಾಕಿಕೊಂಡು, "ಕಾಗದ ಕುರಿಮರಿಗಿದೆ. ಕೂಸೂ ಮರೀನೇ ಅಲ್ವೇನೋ? ನಡಿ!" ಎಂದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಂಡೂ ಕಾಣದವಳಂತೆ ಗೋಡೆಯ ಕಡೆ ತಿರುಗಿ ನಿಂತಳು. ಗೊಂಬೊಸುರೆನ್ ಮೊಮ್ಮಗಳನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಆಸ್ಪತ್ರೆಯ ಜೀಪು ಹತ್ತಿದ.

ದಾರಿಯ ತನಿಖಾ ಗೇಟಿನಲ್ಲಿ ಕಾವಲುಗಾರ ಕಾಗದ ಓದಿದ. "ಜಾನುವಾರಾ? ಪಶುವೈದ್ಯರ ಚೀಟಿ ತೋರ್ಸು. ರೋಗ ಹರಡಿದೆ, ಕುರಿಗಳನ್ನ ಬಿಡೋ ಹಾಗಿಲ್ಲ."

"ಅಯ್ಯೋ, ಕೂಸು ಕಣಪ್ಪ!" ಗೊಂಬೊಸುರೆನ್ ಮುಚ್ಚಳ ಸರಿಸಿ ತೋರಿಸಿದ.

"ಮನುಷ್ಯರನ್ನ ಕುರಿ ಪೆಟ್ಟಿಗೇಲಿ ಸಾಗಿಸ್ತೀಯಾ? ಇಳ್ಸು ಪೆಟ್ಟಿಗೆ!"

ಪೆಟ್ಟಿಗೆ ಗೇಟಿನಲ್ಲೇ ಉಳಿಯಿತು. ಗೊಂಬೊಸುರೆನ್ ಕೂಸನ್ನು ತನ್ನ ನಿಲುವಂಗಿಯೊಳಗೆ, ಬರಿ ಎದೆಗೆ ಕಟ್ಟಿಕೊಂಡು ಅದೇ ಜೀಪಿನಲ್ಲಿ ಹೊರಟ. ಅವನ ಮುತ್ತಜ್ಜನೂ ಹಾಗೇ ಮಾಡುತ್ತಿದ್ದನಂತೆ. ಪುಟ್ಟ ಬೆರಳುಗಳು ನೀಲಿಗಟ್ಟಿದರೂ ಕೂಸು ಪಟ್ಟಣ ಮುಟ್ಟಿ ಉಳಿಯಿತು.

ಗೇಟಿನ ಕೋಣೆಯಲ್ಲಿ ಆ ಪೆಟ್ಟಿಗೆ ಕಾವಲುಗಾರನ ಕಾಲು ಬೆಚ್ಚಗಿಡುತ್ತಿದೆ ಎನ್ನುತ್ತಾರೆ. ಮುಂದೆ ಹುಟ್ಟುವ ಕೂಸು ಯಾವುದರಲ್ಲಿ ಪಟ್ಟಣಕ್ಕೆ ಹೋಗಬೇಕೋ, ನನಗೆ ಗೊತ್ತಿಲ್ಲ.