ಬೀಳುವ ಮೊದಲೇ ಬಂದ ಆಂಬುಲೆನ್ಸ್

ಮನೆಯ ಯಜಮಾನನಿಗೆ ತನ್ನ ಮನೆಯ ಕೊರತೆ ಮಾತ್ರ ಕಾಣುವುದಿಲ್ಲ. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಮಳೆಗಾಲ ಬಂತೆಂದರೆ ದೇರೆಬೈಲಿನ ನಮ್ಮ ಅಂಗಳಕ್ಕೆ ಪಾಚಿ ಹಬ್ಬುತ್ತದೆ. ನಾನು ಅದನ್ನು 'ಹಸಿರು' ಎಂದು ಕರೆದು, ಫೋಟೊ ತೆಗೆದು ಕುಟುಂಬದ ಗ್ರೂಪಿಗೆ ಹಾಕುತ್ತಿದ್ದೆ. ಎಂಬತ್ತೆರಡರ ಅಮ್ಮ ಬೆಳಿಗ್ಗೆ ದಾಸವಾಳ ಕೊಯ್ಯಲು ಹೋಗಿ ಆ ಹಸಿರಿನ ಮೇಲೆಯೇ ಜಾರಿ ಕೂತರು. ಆಂಬುಲೆನ್ಸ್ ಬಂತು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ, ಕಾಲು ಉಳುಕಿತ್ತು ಅಷ್ಟೆ.

ಕಾಲು ಸರಿಯಾದ ಮೇಲೂ ಅಮ್ಮ ಅಂಗಳಕ್ಕೆ ಇಳಿಯಬಾರದೆಂದು ನಾನು ಆಜ್ಞೆ ಹೊರಡಿಸಿದೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಯಾವ ತೊಂದರೆ ಬಂದರೂ ಯಾರನ್ನಾದರೂ ಒಂದು ಕಡೆ ಕೂರಿಸುವುದೇ ಪರಿಹಾರವಾಗಿ ಕಾಣುತ್ತದೆ. ದೇವರಿಗೆ ಅಂಗಡಿಯ ಹೂ ತಂದುಕೊಟ್ಟೆ. ಅಮ್ಮ ಮುಟ್ಟಲಿಲ್ಲ. ಊಟವೂ ಅರ್ಧಕ್ಕಿಳಿಯಿತು. ಮಾತಿಗೆ ಸಿಕ್ಕಾಗೆಲ್ಲ ಒಂದೇ ಪ್ರಶ್ನೆ.

"ಜಾರುವುದು ಅಂಗಳ, ಒಳಗೆ ಕೂರಬೇಕಾದ್ದು ನಾನಾ ಮಗಾ?"

ನಾನು ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ಆದರೆ ಅಮ್ಮ ದಿನದಿಂದ ದಿನಕ್ಕೆ ಮಂಕಾಗುವುದನ್ನು ನೋಡಿ ಒಳಗೊಳಗೇ ಹೆದರಿಕೆಯಾಗಿತ್ತು.

ಒಂದು ತಿಂಗಳ ಮೇಲೆ, ಒಂದು ಮಧ್ಯಾಹ್ನ ಅದೇ ಆಂಬುಲೆನ್ಸ್ ಯಾರೂ ಕರೆಯದೆ ನಮ್ಮ ಗೇಟಿನ ಮುಂದೆ ನಿಂತಿತು. ಪಕ್ಕದ ಮನೆಯ ಸುಶೀಲಕ್ಕ ಕಣ್ಣೊರೆಸಿಕೊಂಡೇ ಓಡಿ ಬಂದರು. ಅಷ್ಟರಲ್ಲಿ ಅವರು ದುಬೈಯಲ್ಲಿರುವ ನನ್ನ ತಮ್ಮನಿಗೆ ಸಾವಿನ ಸುದ್ದಿಯನ್ನೂ ಮುಟ್ಟಿಸಿಯಾಗಿತ್ತು. ಅವನು ಗಾಬರಿಯಿಂದ ಮಾಡಿದ ಫೋನನ್ನು ಅಮ್ಮನೇ ಎತ್ತಿ, ಸತ್ತದ್ದು ಯಾರೆಂದು ವಿಚಾರಿಸಿದರು.

ಬಂದವರು ಕಾಟಿಪಳ್ಳದ ನರ್ಸ್ ನಸೀಮಾ ಮತ್ತು ಡ್ರೈವರ್ ಹರೀಶ. ಬಿಡುವಿದ್ದಾಗ, ತಾವು ಹಿಂದೆ ಎತ್ತಿಕೊಂಡು ಹೋದವರ ಮನೆಗಳನ್ನು ಹೀಗೆ ನೋಡಿ ಬರುತ್ತಾರಂತೆ. ಒಂದೇ ಮನೆಗೆ ಎರಡನೆಯ ಸಲ ಸ್ಟ್ರೆಚರ್ ತರುವುದು ಅವರಿಗೆ ಬೇಸರವಂತೆ. ನಸೀಮಾ ಅಂಗಳ ನೋಡಿದರು, ಬಚ್ಚಲು ನೋಡಿದರು, ಬಾಗಿಲಲ್ಲಿ ಮುದುಡಿ ಬಿದ್ದಿದ್ದ ಕಾಲೊರಸನ್ನು ಎತ್ತಿ ಆಚೆ ಇಟ್ಟರು. ನಾನು ನನ್ನ ಆಜ್ಞೆಯ ಬಗ್ಗೆ ಹೆಮ್ಮೆಯಿಂದ ವರದಿ ಒಪ್ಪಿಸಿದೆ.

"ಅಮ್ಮನನ್ನು ಯಾಕೆ ನಿಲ್ಲಿಸುವುದು ಅಂಕಲ್? ಪಾಚಿ ತೆಗೀರಿ," ಎಂದರು ನಸೀಮಾ. "ನಡೆಯದಿದ್ದರೆ ಕಾಲಿನ ಬಲ ಹೋಗ್ತದೆ. ಮತ್ತೆ ಮನೆಯೊಳಗೇ ಬೀಳ್ತಾರೆ."

ಹರೀಶ ಆಗಲೇ ಬ್ಲೀಚಿಂಗ್ ಪೌಡರ್ ಕೇಳಿದ್ದ. ನನ್ನ ಹಸಿರನ್ನು ನಾನೇ ತಿಕ್ಕಿ ತೆಗೆದೆ.

ಆಮೇಲೆ ನಸೀಮಾ ಅಮ್ಮನನ್ನು ಕೈ ಊರದೆ ಕುರ್ಚಿಯಿಂದ ಏಳಿಸಿದರು, ನಡೆಸಿದರು, ಗೋಡೆಯ ಪಕ್ಕ ಒಂದು ಕಾಲಲ್ಲಿ ನಿಲ್ಲಿಸಿದರು. ಅಮ್ಮ ಹತ್ತು ಎಣಿಸುವವರೆಗೆ ನಿಂತರು. "ಜೋರುಂಟು ಮಾರಾಯ್ರೆ ನಿಮ್ಮ ಅಮ್ಮ," ಎಂದ ಹರೀಶ. ಇದೆಂಥ ಮಹಾ ಎಂದು ನಾನೂ ಪಂಚೆ ಎತ್ತಿ ಕಟ್ಟಿ ಒಂದು ಕಾಲಲ್ಲಿ ನಿಂತೆ. ಮೂರು ಎಣಿಸುವಷ್ಟರಲ್ಲಿ ಹರೀಶನ ತೋಳಿನಲ್ಲಿದ್ದೆ. ನಸೀಮಾ ನಗಲಿಲ್ಲ, ಬರೆದುಕೊಂಡರು.

ಈಗ ಅಮ್ಮ ದಿನಾ ದಾಸವಾಳ ಕೊಯ್ಯುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಖುಷಿ ಬೇರೆ ಇಲ್ಲ. ಬಚ್ಚಲಿನ ಗೋಡೆಗೆ ಸ್ಟೀಲಿನ ಹಿಡಿಕೆಯೂ ಬಂದಿದೆ. ಮನೆಗೆ ಬಂದ ನೆಂಟರು ನೋಡಿ, ಅಮ್ಮನಿಗೆ ಇದು ಸ್ವಲ್ಪ ಎತ್ತರವಾಯಿತಲ್ಲ ಎನ್ನುತ್ತಾರೆ. ನಾನು ಮಾತು ಬದಲಿಸುವಷ್ಟರಲ್ಲಿ ಅಮ್ಮ, ಅದು ತನಗಲ್ಲ, ಮಗನ ಅಳತೆ ನೋಡಿ ಹಾಕಿಸಿದ್ದು ಎಂದು ವಿವರಿಸಿಯಾಗಿರುತ್ತದೆ. ದಿನಾ ನಾನು ಸ್ನಾನಕ್ಕಿಳಿದರೆ ಹೊರಗಿನಿಂದ ಕೇಳುತ್ತಾರೆ, "ಹಿಡ್ಕೊಂಡಿದ್ದೀಯಾ ಮಗಾ?" ಹಿಡಿದಿದ್ದೇನೆ ಎನ್ನದೆ ನಾನು ತಲೆಗೆ ನೀರು ಹೊಯ್ದುಕೊಳ್ಳುವ ಹಾಗಿಲ್ಲ.