ಅತ್ತೆಯ ಮಂಚಕ್ಕೆ ಕಂಬಿ

ಅತ್ತೆ ಮಂಚದಿಂದ ಬಿದ್ದಿರಲಿಲ್ಲ. ಬಿದ್ದ ಹಾಗೆ ಅವರ ಮಗಳಿಗೆ ಕನಸಾಗಿತ್ತು, ಅಷ್ಟೆ. ಅದರ ಫಲ ಉಣ್ಣಬೇಕಾದವನು ಮಾತ್ರ ಅಳಿಯ.

“ಇವತ್ತೇ ಹೋಗಿ ಅಮ್ಮನ ಮಂಚದ ಪಕ್ಕಕ್ಕೆ ಕಂಬಿ ಹಾಕಿಸಿ. ಹಾಕಿಸದೆ ಮನೆ ಮೆಟ್ಟಿಲು ಹತ್ತಬೇಡಿ,” ಎಂದಳು ಹೆಂಡತಿ.

ಅವನದು ಬೀಗ ರಿಪೇರಿಯ ಅಂಗಡಿ. ಅದಕ್ಕೆ ಬೀಗ ಜಡಿದು, ಅತ್ತೆಯಿದ್ದ ವೃದ್ಧರ ನರ್ಸಿಂಗ್ ಹೋಮಿಗೆ ಹೊರಟ.

“ಹಾಗೆಲ್ಲ ಹಾಕೋಕಾಗಲ್ಲ,” ಎಂದರು ಅಲ್ಲಿನ ಸಿಸ್ಟರ್. “ಡಾಕ್ಟರು ನೋಡಿ ಬರೆದುಕೊಡಬೇಕು. ನಿಮ್ಮತ್ತೆಯೂ ಒಪ್ಪಬೇಕು. ಕಂಬಿ ದಾಟೋಕೆ ಹೋಗಿ ಬಿದ್ರೆ ಇನ್ನೂ ಎತ್ತರದಿಂದ ಬೀಳ್ತಾರೆ, ಗೊತ್ತಾ?”

ಅತ್ತೆಗೆ ಸೊಂಟದಲ್ಲಿ ಕಡಿಮೆಯಾದ ಬಲವೆಲ್ಲ ನಾಲಿಗೆಗೆ ಬಂದಿತ್ತು. “ಬಚ್ಚಲಿಗೆ ನಾನೇ ಎದ್ದು ಹೋಗ್ತೀನಿ ಅಳಿಯಂದ್ರೇ. ಅದೊಂದು ಸುಖ ಉಳಿದಿದೆ, ಅದನ್ನೂ ಕಿತ್ಕೋಬೇಡಿ. ಈ ವಯಸ್ಸಲ್ಲಿ ಕಂಬಿ ಎಣಿಸೋ ಅಂಥ ತಪ್ಪು ನಾನೇನು ಮಾಡಿದೀನಿ?”

“ಮಗಳನ್ನ ಹೆತ್ತಿದೀಯಲ್ಲ,” ಎಂದರು ಪಕ್ಕದ ಮಂಚದ ಟೀಚರಜ್ಜಿ.

ಅತ್ತೆ ವಾಕರ್ ಊರಿಕೊಂಡು ಬಚ್ಚಲಿಗೆ ಹೋದರು. ಸಿಸ್ಟರ್ ಮಾತ್ರೆ ಹಂಚಲು ಹೋದರು. ಮೂಲೆಯಲ್ಲಿ ಯಾವುದೋ ಮಂಚದಿಂದ ಬಿಚ್ಚಿಟ್ಟ ಕಂಬಿಯೊಂದು ಗೋಡೆಗೊರಗಿ ನಿಂತಿತ್ತು. ಅಳಿಯ ಅದನ್ನು ನೋಡಿದ. ಅವನ ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು.

ಮಂಚದ ಒಂದು ಬದಿಗೆ ಗೋಡೆ. ಇನ್ನೊಂದು ಬದಿಗೆ ಕಂಬಿ ಕೂತಿತು.

“ಗಟ್ಟಿ ಇದೆಯೇನಪ್ಪಾ?” ಎಂದರು ಟೀಚರಜ್ಜಿ. “ಮಲಗಿ ನೋಡು ಮತ್ತೆ.”

ಮಲಗಿ ಕಂಬಿಯನ್ನು ಮೇಲಕ್ಕೆಳೆದ. ಟಕ್ಕೆಂದಿತು. ಏಳೋಣವೆಂದು ಚಿಲಕ ಒತ್ತಿದ. ಬೇರೆ ಮಂಚದ ಕಂಬಿ; ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಊರಿನ ಬೀಗಗಳನ್ನೆಲ್ಲ ತಂತಿಯೊಂದರಲ್ಲಿ ತೆಗೆಯುವವನು, ಕತ್ತಲಲ್ಲಿ ಚಪ್ಪಲಿ ಹುಡುಕುವವನಂತೆ ತಡಕಾಡಿದ.

“ಸಿಸ್ಟರನ್ನ ಕರೀಲಾ?”

“ಬೇಡಿ ಅಜ್ಜಿ, ದಮ್ಮಯ್ಯ!”

“ಹಾಗಾದ್ರೆ ಹಾರು.”

ಬಚ್ಚಲ ಕಡೆಯಿಂದ ವಾಕರ್ ಸದ್ದು ಹತ್ತಿರವಾಗತೊಡಗಿತ್ತು. ಒಂದು ಕಾಲನ್ನು ಆಚೆ ಹಾಕಿದ. ಇನ್ನೊಂದು ಕಂಬಿಯ ಸಂದಿಯಲ್ಲಿ ಸಿಕ್ಕಿಕೊಂಡಿತು. ಒಣಹಾಕಿದ ಪ್ಯಾಂಟಿನಂತೆ ಅರ್ಧ ಒಳಗೆ ಅರ್ಧ ಹೊರಗೆ ನೇತಾಡಿ, ಆಮೇಲೆ ಬಿದ್ದ.

ಹೆಂಡತಿ ಓಡಿ ಬರುವಷ್ಟರಲ್ಲಿ ಅವನ ಕಾಲಿಗೆ ಪಟ್ಟಿ ಕಟ್ಟಿ, ಪರೀಕ್ಷೆ ಕೋಣೆಯ ಮಂಚದ ಮೇಲೆ ಮಲಗಿಸಿದ್ದರು. ಸಿಸ್ಟರ್ ನಡೆದದ್ದನ್ನೆಲ್ಲ ಹೇಳಿದರು. ಅವಳು ಕೆನ್ನೆಗೆ ಕೈ ಹಚ್ಚಿದಳು.

“ಅಯ್ಯೋ, ಇಷ್ಟು ಅಪಾಯದ್ದನ್ನ ಅಮ್ಮನಿಗೆ ಹಾಕೋಕೆ ಹೋಗಿದ್ರಾ? ಯಾರು ಕೊಟ್ಟ ಬುದ್ಧಿರೀ ಇದು?”

ಅವನು ಹೆಂಡತಿಯ ಮುಖ ನೋಡಿದ.

“ನಂದೇ,” ಎಂದ.

“ಮನೇಗೆ ನಡೀರಿ, ಹೇಳ್ತೀನಿ.”

“ಈಗಲೇ ಎಲ್ಲೂ ಕಳಿಸಲ್ಲ,” ಎಂದರು ಡಾಕ್ಟರು. “ನಾಳೆವರೆಗೂ ಇಲ್ಲೇ ಮಲಗಿರಲಿ.”

“ಹಾಗಾದ್ರೆ ಇಲ್ಲೇ ಹೇಳ್ತೀನಿ.” ಹೆಂಡತಿ ಸೆರಗು ಸಿಕ್ಕಿಸಿಕೊಂಡಳು.

ಅಳಿಯ ಡಾಕ್ಟರ ಕೈ ಹಿಡಿದುಕೊಂಡ. “ಡಾಕ್ಟ್ರೇ, ನನಗೊಂದು ಕಂಬಿ ಬರೆದುಕೊಡಿ. ನನ್ನ ಪೂರ್ತಿ ಒಪ್ಪಿಗೆ ಇದೆ. ಎರಡೂ ಕಡೆ ಹಾಕಿದ್ರೂ ಪರವಾಗಿಲ್ಲ.”

ಡಾಕ್ಟರು ಅವನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದರು. ಅವಸರ ಮಾಡಲಿಲ್ಲ.

“ಆಗಲ್ಲ. ಕಂಬಿ ಹಾರೋ ಸ್ವಭಾವದೋರಿಗೆ ಕಂಬಿ ಹಾಕೋ ಹಾಗಿಲ್ಲ. ಅಂಥೋರ ಪಕ್ಕದಲ್ಲಿ ಮನೆಯವರೊಬ್ಬರು ಕಣ್ಣು ಕೀಳದೆ ಕೂತಿರಬೇಕು.”

ಹೆಂಡತಿ ಕುರ್ಚಿ ಎಳೆದುಕೊಂಡಳು.